ಬುಡ ಒಡೆಯುವ ದಿನ

ಮಳೆ ಇನ್ನೂ ಎರಡು ದಿನ ದೂರವಿರುವಾಗಲೇ
ಅತ್ತೆ ಬೊಸಿಬೋರಿ ಗುದ್ದಲಿಯನ್ನು ನೀರಿಗಿಟ್ಟಳು,
ಕಾವು ಉಬ್ಬಿ ಬಿಗಿಯಾಗಲೆಂದು.
ಕೆರೋಕಾದ ಈ ಗುಡ್ಡದಲ್ಲಿ ಬೆಳಗಿನ ಮಂಜಿಗೆ
ಆಡುಗಳೂ ಕೆಮ್ಮುತ್ತವೆ.
"ಬಾ ಕೆಮುಂಟೊ, ಇವತ್ತು ಬುಡ ಒಡೆಯೋಣ."

ಪರೇಟೊ ಅನ್ನುತ್ತೇವೆ ಇದಕ್ಕೆ.
ಬಿಳಿ ಎಸಳು, ನಡುವೆ ಹಳದಿ ಗುಂಡಿ,
ಸೇವಂತಿಗೆಯ ಬಡ ನೆಂಟ.
ಮುಡಿಗೆ ಯಾರೂ ಕೇಳುವುದಿಲ್ಲ.
ಒಣಗಿಸಿ ಪುಡಿ ಮಾಡಿದರೆ ಸೊಳ್ಳೆ ಸಾಯುತ್ತದೆ,
ಅಷ್ಟೇ ಇದರ ಕೀರ್ತಿ.

ಒಂದು ಕಾಲಕ್ಕೆ ಗುಡ್ಡವೆಲ್ಲ ಬಿಳಿಯಂತೆ.
ಮೂಟೆ ಲಾರಿ ಹತ್ತಿತು, ಚೀಟಿ ಬಂತು.
ಮತ್ತೆ ಮೂಟೆ, ಮತ್ತೆ ಚೀಟಿ.
ಹಣ ಮಾತ್ರ ದಾರಿಯಲ್ಲೆಲ್ಲೋ ಕೂತು
ಬೀಡಿ ಸೇದುತ್ತಿತ್ತು.
ಮಾವ ಒಂಬಾಟಿ ಒಂದು ಮಧ್ಯಾಹ್ನ
ಮಾತಿಲ್ಲದೆ ಎಲ್ಲವನ್ನೂ ಕಿತ್ತು ಚಹಾ ನೆಟ್ಟ.
ಪಾಯಿಖಾನೆಯ ಹಿಂದೆ ಒಂದು ಸಾಲು ಉಳಿಯಿತು.
ಮರೆತನೋ, ಬಿಟ್ಟನೋ,
ಕೇಳುವ ಮೊದಲೇ ಹೊರಟುಹೋದ.

ಆ ಸಾಲನ್ನೇ ಅತ್ತೆ ಇಪ್ಪತ್ತು ವರ್ಷ
ಮೂರು ವರ್ಷಕ್ಕೊಮ್ಮೆ ಒಡೆದು ಒಡೆದು
ಅಲ್ಲೇ ಉಳಿಸಿಕೊಂಡಳು, ಯಾರಿಗೂ ಹೇಳದೆ.
ಈಗ ಲಾರಿ ಮತ್ತೆ ಬರುತ್ತದಂತೆ.
ಊರಿಗೆಲ್ಲ ನಮ್ಮ ಪಾಯಿಖಾನೆಯ ದಾರಿ ನೆನಪಾಗಿದೆ.

"ಕತ್ತಿ ಬೇಡ. ಹೆಬ್ಬೆರಳು ಸಾಕು.
ಮಣ್ಣು ಕೊಡವು. ಸಂದು ಎಲ್ಲಿದೆ ಅಂತ
ಗಿಡವೇ ಹೇಳುತ್ತದೆ, ಅಲ್ಲಿ ಬಿಡಿಸು.
ನಡುವಿನದು ಮುದಿ ಕಟ್ಟಿಗೆ, ಎಸೆ ಅದನ್ನು.
ಅಂಚಿನಲ್ಲಿದೆ ನೋಡು ಜೀವ."
ಬೇರನ್ನು ಬೆರಳುದ್ದಕ್ಕೆ ಕತ್ತರಿಸಿದಳು,
ಎಲೆಯನ್ನು ಅರ್ಧಕ್ಕೆ.
"ಕುಡಿಯುವ ಬಾಯಿ ಕಡಿಮೆ ಇರಲಿ ಮೊದಮೊದಲು.
ಸುಳಿ ಮುಚ್ಚಿದರೆ ಕೊಳೆಯುತ್ತದೆ,
ಬೇರು ತೆರೆದರೆ ಒಣಗುತ್ತದೆ."
ಒಂದು ಬುಡಕ್ಕೆ ನಾನು ಹನ್ನೊಂದು ಎಣಿಸಿದೆ.
ಅವಳು ಒಂಬತ್ತು ಅಂದಳು,
ಆ ಎರಡನ್ನು ಹಳೆ ಡಬ್ಬಿಯಲ್ಲಿ ಬೇರೆ ಇಟ್ಟಳು.

ಹೊತ್ತೇರಿದ ಮೇಲೆ ಬಂದಳು ಕ್ವಂಬೋಕಾ,
ತಲೆಯ ಮೇಲೆ ಖಾಲಿ ಬೋಗುಣಿ.
ನಮ್ಮ ಬೇಲಿಯನ್ನು ರಾತ್ರೋರಾತ್ರಿ
ಒಂದು ಮೊಳ ಈಚೆಗೆ ನಡೆಸಿದ ಮನೆಯವಳು.
ಬಾ ಅನ್ನಲಿಲ್ಲ ಅತ್ತೆ, ಹೋಗು ಅನ್ನಲೂ ಇಲ್ಲ.
ಬೇರು ತುಂಬಿದವನ್ನೇ ಆರಿಸಿ
ಒಂದೊಂದಾಗಿ ಬೋಗುಣಿಗೆ ಹಾಕಿದಳು.
ಕೊನೆಗೆ,
"ಬೇಲಿಯಿಂದ ಒಂದು ಮೊಳ ಒಳಗೆ ನೆಡು,
ಇದಕ್ಕೆ ನೆರಳು ಆಗದು."
ಕ್ವಂಬೋಕಾ ಬೋಗುಣಿ ಎತ್ತಲು ಬಹಳ ಹೊತ್ತು ತೆಗೆದುಕೊಂಡಳು.

ಡಬ್ಬಿಯಲ್ಲಿದ್ದ ಎರಡು ನನ್ನ ತಂಗಿ ಮೊರಾಳಿಗೆ.
ಅವಳ ಗಂಡನ ಮನೆ ಕೆಳಗೆ, ಸರೋವರದ ದಂಡೆಗೆ.
ಮಗ ಜ್ವರದಿಂದ ಎದ್ದು ತಿಂಗಳಾಗಿಲ್ಲ.
"ಅಲ್ಲಿ ಚಳಿಯಿಲ್ಲ ಮಗಳೆ,
ಚಳಿ ತಾಗದೆ ಇದು ಮೊಗ್ಗು ಕಟ್ಟುವುದಿಲ್ಲ."
"ಸೊಳ್ಳೆ ಇರುವುದು ಅಲ್ಲೇ ಅಲ್ಲವಾ,"
ಅಂದಳು ಮೊರಾ.
ಅತ್ತೆಯ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ.
ಬಾಳೆಲೆ ಒದ್ದೆ ಮಾಡಿ ಸುತ್ತಿಕೊಟ್ಟಳು,
ದಾರ ಸಿಗದೆ ತನ್ನ ತಲೆವಸ್ತ್ರದ ಅಂಚು ಹರಿದು ಕಟ್ಟಿದಳು.

ಇಲ್ಲಿ ಈಗ ಎರಡನೇ ಕೊಯ್ಲು.
ಎಸಳು ಚಪ್ಪಟೆಯಾಗಿ ಬಿಚ್ಚಿದವನ್ನಷ್ಟೇ ಕೀಳಬೇಕು,
ಕಿತ್ತು ಕಿತ್ತು ನನ್ನ ಬೆರಳ ಸಂದು ತುರಿಸುತ್ತದೆ.
ಗುಡ್ಡ ಅಲ್ಲಲ್ಲಿ ಬಿಳಿ.
ಕ್ವಂಬೋಕಾಳ ಸಾಲು ಬೇಲಿಯಿಂದ
ಒಂದು ಮೊಳ ಒಳಗೇ ಇದೆ.
ಬೇಲಿ ಮಾತ್ರ ಇದ್ದಲ್ಲೇ.

ನಿನ್ನೆ ಮೊರಾಳ ಫೋನು.
ಮೊಣಕಾಲೆತ್ತರ ಬಂದಿದೆಯಂತೆ, ಬರೀ ಎಲೆ,
ಕೋಳಿಗಳು ಅದರ ಕೆಳಗೆ ಮಲಗುತ್ತವಂತೆ.
ಹೂವಿಲ್ಲ. ಸತ್ತೂ ಇಲ್ಲ.
ಅತ್ತೆ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು.
"ಇನ್ನೆರಡು ಮಳೆ ಹೋಗಲಿ.
ಬಿಡಿಸುವಾಗ ನಡುವಿನದನ್ನು ಎಸೆಯಲಿ ಅಂತ ಹೇಳು.
ಹೊಸ ಹುಡುಗಿ, ಮನಸ್ಸು ಬರುವುದಿಲ್ಲ ಅವಳಿಗೆ."